ತಿಂಗಳಿಗೊಂದು ದಿನದ ಮುಯ್ಯಾಳು

ಹೋದ ವಾರ ಯಲಹಂಕ ಉಪನಗರದಲ್ಲಿ ಇಸ್ತ್ರಿ ಗಾಡಿಯ ಹತ್ತಿರ ನಿಂತಿದ್ದೆ. ಮಗಳ ಸೀರೆ ಕೊಡಲು ಹೋಗಿದ್ದೆ. ಇಸ್ತ್ರಿಯವನು ಒಂದು ದಪ್ಪ ಹತ್ತಿ ದುಪ್ಪಟಿಗೆ ನೀರು ಚಿಮುಕಿಸಿ ಪೆಟ್ಟಿಗೆ ಎಳೆದ. ಹಬೆ ಎದ್ದಿತು. ಒದ್ದೆ ಹತ್ತಿ ಬಿಸಿಗೆ ಬೇಯುವ ವಾಸನೆ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಬಟ್ಟೆ ರೂಮಿನಲ್ಲಿ ದಿನವೂ ಇದೇ ವಾಸನೆ ಇರುತ್ತಿತ್ತು. ಅದರ ಹಿಂದೆಯೇ ಅವಳೂ ನೆನಪಿಗೆ ಬಂದಳು...

ಅವಳನ್ನು ನಾನು ಅಕ್ಕ ಅಂತ ಕರೆಯುತ್ತಿದ್ದೆ. ಸಂಬಂಧ ಏನೂ ಇಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಬಾಗಲೂರಿನ ಕಡೆಯವಳು. ನಾನೂ ಆ ಕಡೆಯವಳೇ. ಇಬ್ಬರೂ ಒಂದೇ ಬಸ್ಸು ಹತ್ತಿ ಹೆಬ್ಬಾಳದ ಕಡೆಯ ಆ ಆಸ್ಪತ್ರೆಗೆ ಹೋಗುತ್ತಿದ್ದೆವು. ನಾನು ವಾರ್ಡಿನಲ್ಲಿ ಆಯಾ. ಅವಳು ಬಟ್ಟೆ ರೂಮಿನಲ್ಲಿ. ಆಪರೇಷನ್‌ಗೆ ಹೋಗುವ ಹಸಿರು ಬಟ್ಟೆಗಳನ್ನು ಒಗೆದು ಬಂದ ಮೇಲೆ ನೋಡಿ, ಮಡಚಿ, ಗಂಟು ಕಟ್ಟಿ, ಕ್ರಿಮಿ ಸಾಯಿಸುವ ಹಬೆಯ ಡ್ರಮ್ಮಿಗೆ ತುಂಬುವುದು ಅವಳ ಕೆಲಸ.

ನೋಡುವುದು ಎಂದರೆ ಸುಮ್ಮನೆ ನೋಡುವುದಲ್ಲ. ಒಂದೊಂದು ಬಟ್ಟೆಯನ್ನೂ ಕಿಟಕಿಗೆ ಹಿಡಿಯುತ್ತಿದ್ದಳು. ಸೂಜಿ ಮೊನೆಯಷ್ಟು ಬೆಳಕು ತೂರಿ ಬಂದರೂ ಅದನ್ನು ಪಕ್ಕಕ್ಕೆ ಎಸೆಯುತ್ತಿದ್ದಳು. ಒಮ್ಮೆ ಬಟ್ಟೆ ಸಾಲದೆ ಒಬ್ಬ ಹೊಸ ಡಾಕ್ಟರು ಬಾಗಿಲಿಗೆ ಬಂದು, ಇಷ್ಟು ಸಣ್ಣ ತೂತಿಗೆ ಯಾಕೆ ತೆಗೆದಿಡುತ್ತೀರಿ ಎಂದು ಕೂಗಾಡಿದರು. ಅಕ್ಕ ತಲೆ ಎತ್ತದೆ, "ಡಾಕ್ಟ್ರೇ, ನಿಮ್ ಪ್ಯಾಂಟಿನ ಇಂದ್ಗಡೆ ಇಷ್ಟೇ ತೂತಿದ್ರೆ ಆಕ್ಕೊಂಡ್ ಬರ್ತಿದ್ರಾ?" ಅಂದಳು. ಅವರು ನಕ್ಕು ಹೋದರು. ಅವಳು ನಗಲಿಲ್ಲ. ಕೆಲಸದ ವಿಷಯದಲ್ಲಿ ಅವಳು ತಮಾಷೆ ಮಾಡುತ್ತಿರಲಿಲ್ಲ. ಕೇಳಿದವರಿಗೆ ತಮಾಷೆ ಅನ್ನಿಸುತ್ತಿತ್ತು, ಅಷ್ಟೆ.

ಅವಳಿಗೆ ಗಂಡ ತೀರಿಕೊಂಡಿದ್ದ. ಮಕ್ಕಳಿಲ್ಲ. ಮನೆಯಲ್ಲಿ ಅವಳು ಮತ್ತು ಅವಳ ನಾದಿನಿ, ಇಬ್ಬರೇ. ನಾದಿನಿಯನ್ನು ಕಟ್ಟಿಕೊಂಡವನು ಮದುವೆಯಾದ ಎರಡೇ ವರ್ಷಕ್ಕೆ ಬಿಟ್ಟು ಹೋಗಿದ್ದ. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಕೋಣೆಯ ಮನೆಯಲ್ಲಿ ದಿನಾ ಜಗಳ ಆಡಿಕೊಂಡು ಇದ್ದರು. ಮುದ್ದೆ ಗಂಟಾಯಿತು ಅಂತ ಜಗಳ. ಸೀಮೆಎಣ್ಣೆ ಮುಗಿಯಿತು ಅಂತ ಜಗಳ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಅಕ್ಕ ಅವಳನ್ನು ಹೆಬ್ಬಾಳ ಬರುವವರೆಗೆ ಬೈಯುತ್ತಿದ್ದಳು. ಸಂಜೆ ಇಳಿಯುವ ಮುಂಚೆ ಅವಳಿಗೆ ಅಂತ ಎಲೆ ಅಡಿಕೆ ಕಟ್ಟಿಸಿಕೊಳ್ಳುತ್ತಿದ್ದಳು.

ಆಸ್ಪತ್ರೆಯವರು ಕಿಡ್ನಿ ರೋಗಿಗಳಿಗೆ ಹೊಸ ಕಟ್ಟಡ ಕಟ್ಟಲು ಹೊರಟರು. ರಕ್ತ ಶುದ್ಧ ಮಾಡುವ ಮಿಷಿನ್ನುಗಳು ಬರುತ್ತವೆ, ಬಡವರಿಗೆ ಅನುಕೂಲ ಆಗುತ್ತದೆ ಎಂದರು. ಹೊರಗಿನ ದೊಡ್ಡವರ ಹತ್ತಿರ ಹಣ ಎತ್ತುತ್ತಿದ್ದರು. ಒಂದು ದಿನ ನಮ್ಮನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಬಾದಾಮಿ ಹಾಲು ಕೊಟ್ಟು ಭಾಷಣ ಮಾಡಿದರು. ಒಳಗಿನವರೇ ಕೊಡದಿದ್ದರೆ ಹೊರಗಿನವರನ್ನು ಯಾವ ಮುಖದಲ್ಲಿ ಕೇಳುವುದು ಎಂದರು ದೊಡ್ಡ ಡಾಕ್ಟರು. ತಿಂಗಳಿಗೆ ಒಂದು ದಿನದ ಸಂಬಳ. ಇಷ್ಟ ಇದ್ದವರು ಮಾತ್ರ. ಫಾರಂ ತುಂಬಿ ಕೊಟ್ಟರೆ ಅವರೇ ಹಿಡಿದುಕೊಳ್ಳುತ್ತಾರೆ.

ಆಯಾಗಳು, ಕಸ ಗುಡಿಸುವವರು, ಬಟ್ಟೆ ರೂಮಿನವರು, ಇಷ್ಟು ಜನರ ಫಾರಂ ಮಾಡಿಸುವ ಕೆಲಸ ನನಗೆ ಬಂತು. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಬಸ್ಸಿನ ಬೋರ್ಡು ಓದುತ್ತೇನೆ, ಹೆಸರು ಬರೆಯುತ್ತೇನೆ. ಅವರೊಳಗೆ ನಾನೇ ಪಂಡಿತೆ. ಮೇಟ್ರನ್ ನನ್ನನ್ನು ಕರೆದು, ಎಲ್ಲರ ಹತ್ತಿರ ಮಾಡಿಸಿದರೆ ನಿನ್ನನ್ನು ವಾರ್ಡಿನಿಂದ ಹೊರರೋಗಿ ವಿಭಾಗಕ್ಕೆ ಹಾಕುತ್ತೇನೆ ಎಂದರು. ಅಲ್ಲಿ ರೋಗಿಗಳನ್ನು ಎತ್ತುವ ಕೆಲಸ ಇಲ್ಲ. ಕುರ್ಚಿ ಇದೆ. ನನ್ನ ಮಂಡಿ ಆಗಲೇ ಕೆಟ್ಟಿತ್ತು. ನಾನು ಫಾರಂ ಹಿಡಿದು ಓಡಾಡಿದ್ದು ಬಡ ರೋಗಿಗಳಿಗಾಗಿ ಅಲ್ಲ, ಕುರ್ಚಿಗಾಗಿ. ಇದನ್ನು ಮುಚ್ಚಿಡಲು ಈ ವಯಸ್ಸಿನಲ್ಲಿ ನನಗೆ ಕಾರಣ ಇಲ್ಲ.

ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಅಕ್ಕ ಮಾತ್ರ ಒಪ್ಪಲಿಲ್ಲ.

"ಆಸ್ಪತ್ರೆಯೋರು ನಮ್ಗೆ ಸಂಬ್ಳ ಕೊಡೋದಾ, ನಾವು ಅವ್ರಿಗೆ ಕೊಡೋದಾ? ಇದೆಂತಾ ನ್ಯಾಯನೇ?"

"ಪುಣ್ಯ ಬರುತ್ತೆ ಕಣಕ್ಕಾ."

"ನಂಗೆ ಪುಣ್ಯ ಬ್ಯಾಡ. ಒಂದಿನದ ಸಂಬ್ಳ ಓದ್ರೆ ನನ್ ನಾದ್ನಿ ನನ್ನೇ ಉರ್ದು ತಿಂತಾಳೆ."

ಮೂರು ದಿನ ಹಿಂದೆ ಬಿದ್ದೆ. ನಾಲ್ಕನೇ ದಿನ ಬಸ್ಸಿನಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು. ಯೋಚನೆ ಮಾಡಿ ಆಡಿದ್ದಲ್ಲ.

"ಮುಯ್ಯಾಳು ಅಂದ್ಕೊಳ್ಳಕ್ಕಾ. ತಿಂಗ್ಳಿಗೊಂದಿನ ಅವ್ರ ಒಲಕ್ಕೆ ಓದಂಗೆ. ನಾಳೆ ನಮ್ಗೆ ಬೇಕಾದಾಗ ಅವ್ರು ಬತ್ತಾರೆ."

ನಮ್ಮ ಕಡೆ ರಾಗಿ ಕುಯ್ಲಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ. ಹೊಲದವರು ಮಧ್ಯಾಹ್ನ ಊಟ ಹಾಕಬೇಕು, ಅಷ್ಟೆ. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಿರಲಿಲ್ಲ. ಬರಬೇಕಾದವರು ಬರದಿದ್ದರೆ ಬೈಯುತ್ತಲೂ ಇರಲಿಲ್ಲ. ಅವರನ್ನು ಇನ್ನು ಯಾವುದಕ್ಕೂ ಕರೆಯುತ್ತಿರಲಿಲ್ಲ.

ಅಕ್ಕ ಕಿಟಕಿಯ ಆಚೆ ನೋಡಿದಳು. ಆಮೇಲೆ, "ಅಂಗಂದ್ರೆ ಸರಿ" ಅಂದಳು. ಅವತ್ತೇ ಹೆಬ್ಬೆಟ್ಟು ಒತ್ತಿದಳು. ಮುಂದಿನ ತಿಂಗಳು ನನಗೆ ಕುರ್ಚಿ ಸಿಕ್ಕಿತು.

ನಾನು ಆ ಮಾತನ್ನು ಮರೆತೆ. ಅವಳು ಮರೆಯಲಿಲ್ಲ. ಸಂಬಳದಲ್ಲಿ ಯಾವ ದಿನದ್ದು ಹಿಡಿಯುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ, ಅವಳೇ ಒಂದು ದಿನ ಆರಿಸಿಕೊಂಡಳು. ತಿಂಗಳ ಮೊದಲನೇ ಸೋಮವಾರ. ಅವತ್ತು ಮನೆಯಿಂದ ಡಬ್ಬಿ ತರುತ್ತಿರಲಿಲ್ಲ. ಮಧ್ಯಾಹ್ನ ಸೀದಾ ಕ್ಯಾಂಟೀನಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದಳು. ಕ್ಯಾಂಟೀನಿನವನು ಬಿಜಾಪುರದ ಕಡೆಯವನು, ನಡುವಯಸ್ಸಿನವನು.

"ಟೋಕನ್ ಎಲ್ಲೈತ್ರೀ ಯವ್ವಾ?" ಅಂದ ಮೊದಲ ಸಲ.

"ಟೋಕನ್ ಇಲ್ಲ. ಇವತ್ತು ನಾನು ಮುಯ್ಯಾಳು. ಊಟ ಒಲದೋರ್ದು."

"ಯಾರ ಹೊಲಾರೀ? ನಾ ಒಲಿ ಮುಂದ ನಿಂದ್ರಾಂವ ಅಷ್ಟ."

"ನೀನು ಒಲದೋರ್ ಮನೆ ಅಡ್ಗೆಯೋನು. ಬಡ್ಸು."

ಅಕ್ಕಪಕ್ಕದವರು ನಕ್ಕರು. ಅವನೂ ನಗುತ್ತಲೇ ತಟ್ಟೆ ಹಾಕಿದ. "ಇದ್ಯಾವ ಲೆಕ್ಕಾನೋ ನನಗ ತಿಳೀಲಿಲ್ಲ. ಹಸ್ದಾಕಿ ಬಂದಾಳ, ಉಣ್ಲಿ" ಅಂದ. ಆಮೇಲೆ ಅದೇ ರೂಢಿಯಾಯಿತು. ಮೊದಲನೇ ಸೋಮವಾರ ಬಂದರೆ ಅವನೇ ಬಾಗಿಲಿಗೆ ಬಂದು, "ಯವ್ವಾ, ಕುಯ್ಲು ಎಲ್ಲೀಮಟ ಬಂತ್ರೀ?" ಎಂದು ಕೂಗುತ್ತಿದ್ದ. ಅವಳು ತಟ್ಟೆಯ ಮುಂದೆ ಕೂತು, "ಸಾರಿಗೆ ಉಪ್ಪು ಕಮ್ಮಿ. ಇಂಗೆ ಬಡ್ಸಿದ್ರೆ ಯಾವ ಆಳೂ ಬರಲ್ಲ ನಿಮ್ ಒಲಕ್ಕೆ" ಅನ್ನುತ್ತಿದ್ದಳು. ನಾವೆಲ್ಲ ಅದನ್ನು ಅವಳ ತಮಾಷೆ ಅಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ... ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ಕಟ್ಟಡ ಎದ್ದಿತು. ಉದ್ಘಾಟನೆಯ ಮುಂಚಿನ ಭಾನುವಾರ ಅಕ್ಕ ನಾದಿನಿಯನ್ನು ಕರೆದುಕೊಂಡು ಬಂದಳು. ಒಳಗೆ ಬಿಡಲಿಲ್ಲ. ಇಬ್ಬರೂ ಹೊರಗೆ ನಿಂತು ತಲೆ ಎತ್ತಿ ನೋಡಿದರು. ನಾನೂ ಇದ್ದೆ.

"ಇದ್ರಾಗೆ ನನ್ ಆಳೈತೆ" ಅಂದಳು ಅಕ್ಕ.

"ಎಲ್ಲೈತೆ? ಯಾವ ಇಟ್ಟಿಗೆನೇ ನಿಂದು, ತೋರ್ಸು."

"ಮ್ಯಾಗಳ ಸಾಲಲ್ಲೈತೆ. ನಿನ್ ಕುಳ್ಳು ಕಣ್ಣಿಗೆ ಎಟುಕಲ್ಲ."

ನಾದಿನಿ ನಿಜವಾಗಿಯೂ ಕುಳ್ಳಿ. ಕಾಲ ಬೆರಳ ಮೇಲೆ ನಿಂತು ನೋಡಿದಳು. ಅವರಿಬ್ಬರೂ ಜಗಳ ಆಡದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡು ವರ್ಷ ಕಳೆದಿರಬಹುದು. ನಾದಿನಿಯ ಕಾಲು ಊದಿತು, ಮುಖ ಊದಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ನೋಡಿಕೊಂಡಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲೇ ತೋರಿಸಿದರು. ಎರಡೂ ಕಿಡ್ನಿ ಹೋಗಿದೆ, ವಾರಕ್ಕೆ ಎರಡು ಸಲ ಮಿಷಿನ್ನಿಗೆ ಹಾಕದಿದ್ದರೆ ಉಳಿಯುವುದಿಲ್ಲ ಎಂದರು. ನಾನು ವಿಷಯ ಕೇಳಿ ಬಟ್ಟೆ ರೂಮಿಗೆ ಹೋದೆ. ಅಕ್ಕ ಹೆದರಿರಲಿಲ್ಲ. ಎಂದಿನಂತೆ ಬಟ್ಟೆ ಮಡಚುತ್ತ, "ಮಿಷಿನ್ನು ಇಲ್ಲೇ ಐತಲ್ಲ" ಅಂದಳು. "ನಾಳೆ ಆಫೀಸಿಗೆ ಓಗಿ ಏಳ್ತೀನಿ. ಈಗ ಅವ್ರ ಸರದಿ."

 ಹಾಗೇನೂ ಇಲ್ಲ, ಅದು ನನ್ನ ಬಾಯಿಂದ ಬಂದ ಮಾತು ಅಷ್ಟೆ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಆಫೀಸಿನವರೇ ಹೇಳಲಿ ಎಂದು ಬಿಟ್ಟೆ.

ಮಾರನೆಯ ದಿನ ಆಫೀಸಿನಿಂದ ನನಗೆ ಕರೆ ಬಂತು. ಹೋದೆ. ಮೇಜಿನ ಆಚೆ ಚಿಕ್ಕ ವಯಸ್ಸಿನ ಮೇಡಂ, ಈಚೆ ಅಕ್ಕ. ಬಾಗಿಲ ಹೊರಗಿನ ಬೆಂಚಿನಲ್ಲಿ ನಾದಿನಿ, ಊದಿದ ಕಾಲನ್ನು ಚೀಲದ ಮೇಲೆ ಇಟ್ಟುಕೊಂಡು. ಮೇಡಂ ಕೆಟ್ಟವಳಲ್ಲ. ಸಮಾಧಾನವಾಗಿಯೇ ಹೇಳುತ್ತಿದ್ದಳು.

"ಅಮ್ಮಾ, ಸ್ಟಾಫ್ ರಿಯಾಯಿತಿ ಗಂಡ, ಮಕ್ಳು, ತಂದೆ ತಾಯಿಗೆ ಅಷ್ಟೇ. ನಾದಿನಿ ಅದರಲ್ಲಿ ಬರಲ್ಲ."

"ಗಂಡ ಸತ್ತ. ಮಕ್ಳಿಲ್ಲ. ಅಪ್ಪ ಅವ್ವ ಇಲ್ಲ. ಅಷ್ಟು ಜಾಗ ಖಾಲಿ ಐತಲ್ಲ ತಾಯಿ, ಅಲ್ಲೆಲ್ಲ ಇವಳ್ನೇ ಬರ್ಕೋ."

"ಹಂಗೆ ಬರ್ಯೋಕಾಗಲ್ಲಮ್ಮ. ಮಿಷಿನ್ನೂ ಖಾಲಿ ಇಲ್ಲ. ಪೂರ್ತಿ ಫೀಸು ಕಟ್ಟೋರೇ ಕಾಯ್ತಿದಾರೆ."

"ನಾನು ತಿಂಗ್ಳು ತಿಂಗ್ಳೂ ಆಳು ಕೊಟ್ಟಿದ್ದೀನಿ."

"ಅದು ಡೊನೇಷನ್ ಅಮ್ಮಾ. ಡೊನೇಷನ್ ವಾಪಸ್ ಕೊಡೋಕೆ ಬರಲ್ಲ."

"ದುಡ್ಡು ಯಾರ್ ಕೇಳಿದ್ರು? ನಿಮ್ ಒಲಕ್ಕೆ ನಾನು ಬಂದೆ. ಈಗ ನನ್ ಒಲಕ್ಕೆ ನೀವು ಬರ್ಬೇಕು. ಅಷ್ಟೇ ನಾನ್ ಕೇಳ್ತಿರೋದು."

"ಯಾವ್ ಹೊಲ?" ಅಂದಳು ಮೇಡಂ. ನನ್ನ ಕಡೆ ತಿರುಗಿದಳು. "ಆಂಟಿ, ಇವರ ಫಾರಂ ಮಾಡ್ಸಿದ್ದು ನೀವೇ ಅಲ್ವಾ? ಇವ್ರು ಏನ್ ಹೇಳ್ತಿದಾರೆ? ಕೊಟ್ರೆ ವಾಪಸ್ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

ಅಕ್ಕನೂ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಭಯ ಇರಲಿಲ್ಲ, ಕೋಪ ಇರಲಿಲ್ಲ. ಸಾಕ್ಷಿ ಬಂದಳು ಅನ್ನುವ ನೆಮ್ಮದಿ ಇತ್ತು.

ನನಗೆ ಕುರ್ಚಿ ನೆನಪಾಯಿತು. ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿದಳು ಎಂದರೆ ಏನಾಗುತ್ತದೋ ಎಂದು ಹೆದರಿಕೆಯಾಯಿತು. ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು.

"ಗೊತ್ತಿಲ್ಲ ಮೇಡಂ" ಅಂದೆ.

ಅಕ್ಕ ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಬಟ್ಟೆಯನ್ನು ಕಿಟಕಿಗೆ ಹಿಡಿದಾಗ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ ಎದ್ದು ಹೊರಗೆ ಹೋಗಿ ನಾದಿನಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಏನಂತೆ?" ಅಂದಳು ನಾದಿನಿ. "ಇಲ್ಲಾಗಲ್ವಂತೆ. ನಡಿ" ಅಂದಳು.

ನಾನು ಗೊತ್ತು ಅಂದಿದ್ದರೆ ಮಿಷಿನ್ನು ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ. ಅದು ನನಗೆ ಅವತ್ತೂ ಗೊತ್ತಿತ್ತು. ಆದರೆ ಅಷ್ಟು ವರ್ಷ ಕೆಲಸ ಮಾಡಿದ ಆಫೀಸಿನಲ್ಲಿ ಅವಳು ತಲೆ ಕೆಟ್ಟವಳ ಹಾಗೆ ಕೂರಬೇಕಾಗಿರಲಿಲ್ಲ. ಅಷ್ಟು ನನ್ನ ಕೈಯಲ್ಲಿತ್ತು.

ಆಮೇಲೆ ಅವರು ಸರ್ಕಾರಿ ಆಸ್ಪತ್ರೆಗೆ ಓಡಾಡಿದರು. ಎರಡು ಬಸ್ಸು ಬದಲಾಯಿಸಬೇಕು. ಅಲ್ಲೂ ಸಾಲು. ವಾರಕ್ಕೆ ಎರಡು ಸಲ ಎಂದು ಹೇಳಿದ್ದು, ಒಂದು ಸಲ ಸಿಕ್ಕಿದರೆ ಹೆಚ್ಚು. ಅಕ್ಕನಿಗೆ ರಜೆ ಮುಗಿಯಿತು. ಕೆಲವು ದಿನ ನಾದಿನಿ ಒಬ್ಬಳೇ ಗೋಡೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳಂತೆ. ಜೊತೆಗೆ ಹೋಗಲು ಒಬ್ಬರು ಬೇಕಾಗಿತ್ತು. ನನಗೆ ವಾರದಲ್ಲಿ ಒಂದು ದಿನ ರಜೆ ಇತ್ತು. ಅಕ್ಕ ನನ್ನನ್ನು ಕೇಳಲಿಲ್ಲ. ನಾನಾಗಿಯೂ ಬರುತ್ತೇನೆ ಅನ್ನಲಿಲ್ಲ. ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದೆವು. ಸಿಕ್ಕಾಗ ಮಾತಾಡುತ್ತಿದ್ದಳು. ಬಿಸಿಲು ಜಾಸ್ತಿ, ಬಸ್ಸು ತಡ, ಇಷ್ಟೇ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ತಿಂಗಳಿಗೆ ನಾದಿನಿ ಹೋದಳು. ನನಗೆ ಗೊತ್ತಾಗಿದ್ದು ಕ್ಯಾಂಟೀನಿನವನಿಂದ. ಅವನು ಕ್ಯಾಂಟೀನು ಮುಚ್ಚಿ ಮಣ್ಣಿಗೆ ಹೋಗಿ ಬಂದಿದ್ದ. ಹನ್ನೊಂದನೇ ದಿನಕ್ಕೂ ಅಕ್ಕ ಅವನನ್ನು ಕರೆದಿದ್ದಳು. ಬಟ್ಟೆ ರೂಮಿನ ಇಬ್ಬರನ್ನು ಕರೆದಿದ್ದಳು. ನನ್ನನ್ನು ಕರೆಯಲಿಲ್ಲ.

ಕೆಲಸಕ್ಕೆ ಮರಳಿ ಬಂದಳು. ಅದೇ ಕಿಟಕಿ, ಅದೇ ಬಟ್ಟೆ. ಮೊದಲನೇ ಸೋಮವಾರ ಬಂತು. ಅವಳು ಬಟ್ಟೆ ರೂಮಿನ ಮೆಟ್ಟಿಲ ಮೇಲೆ ಕೂತು ಮನೆಯಿಂದ ತಂದ ಡಬ್ಬಿ ತೆಗೆದಳು. ಕ್ಯಾಂಟೀನಿನವನು ಹುಡುಕಿಕೊಂಡು ಬಂದ. ನಾನು ಆ ಕಡೆಯಿಂದ ಹೋಗುತ್ತಿದ್ದೆ, ನಿಂತೆ.

"ಯವ್ವಾ, ಇವತ್ತ ನಿಮ್ಮ ಪಾಳಿ ಅಲ್ಲೇನ್ರೀ? ತಾಟ ಹಾಕೀನಿ."

"ಇಲ್ಲಪ್ಪಾ" ಅಂದಳು. "ಅದು ಮುಯ್ಯಾಳಲ್ಲ. ಬರೀ ಸಂಬ್ಳ ಇಡ್ಕೋತಾರೆ."

ಅವನು ವಾಪಸ್ ಹೋದ. ಫಾರಂ ವಾಪಸ್ ತೆಗೆದುಕೊಳ್ಳಲು ಒಂದು ಅರ್ಜಿ ಕೊಟ್ಟರೆ ಸಾಕು ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಾರ ಹತ್ತಿರವಾದರೂ ಬರೆಸಿಕೊಡಬಹುದಿತ್ತು. ಅವಳು ನಿವೃತ್ತಿಯಾಗುವ ತಿಂಗಳವರೆಗೂ ಹಿಡಿದುಕೊಂಡರು...

ಕೆಲಸ ಬಿಟ್ಟ ಮೇಲೆ ತಮ್ಮನ ಮನೆ ಸೇರಿದಳು ಎಂದು ಕೇಳಿದೆ. ಎರಡು ವರ್ಷದ ಹಿಂದೆ ಹಳೆಯ ನರ್ಸಮ್ಮ ಒಬ್ಬರು ಮಾರ್ಕೆಟ್ಟಿನಲ್ಲಿ ಸಿಕ್ಕಿ, ಅಕ್ಕ ತೀರಿಕೊಂಡಳು ಎಂದರು. ಆಗ ಹೋಗಲಿಲ್ಲ. ಹೋಗಿ ಏನು ಮಾಡುವುದು ಅಂದುಕೊಂಡೆ.

ಆದರೆ ಹೋದ ವಾರ ಆ ವಾಸನೆ ಮೂಗಿಗೆ ಬಡಿದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಗುರುವಾರ ಬಾಗಲೂರಿನ ಬಸ್ಸು ಹತ್ತಿದೆ. ಕೇಳಿಕೊಂಡು ಹೋದೆ. ತಮ್ಮನೂ ಇಲ್ಲ ಈಗ. ಹಳೆಯ ಮನೆ ಇದ್ದ ಜಾಗದಲ್ಲಿ ಮೂರು ಅಂತಸ್ತು, ಮೇಲೆಲ್ಲ ಬಾಡಿಗೆಯವರು. ತಮ್ಮನ ಸೊಸೆ ಬಾಗಿಲು ತೆಗೆದಳು. ಅಕ್ಕನ ಜೊತೆ ಕೆಲಸ ಮಾಡುತ್ತಿದ್ದವಳು ಅಂದೆ. ಒಳಗೆ ಕೂರಿಸಿದಳು.

"ಕೊನೆಗೆ ಏನಾಗಿತ್ತಮ್ಮ?"

"ಬಿದ್ದು ಸೊಂಟ ಮುರ್ಕೊಂಡ್ರು ಅಜ್ಜಿ. ಆಪ್ರೇಷನ್ ಮಾಡ್ಸಣ ಅಂದ್ರೆ ಒಪ್ಲೇ ಇಲ್ಲ. ಆಸ್ಪತ್ರೆ ಅಂದ್ರೆ ಸಾಕು, ಗೋಡೆ ಕಡೆ ತಿರುಕ್ಕೊಳ್ಳೋರು. ಎರಡು ತಿಂಗ್ಳು ಮಲ್ಗಿದ್ದಲ್ಲೇ ಇದ್ರು."

"ಯಾರು ನೋಡ್ಕೊಂಡ್ರಿ?"

"ನಾವೇ. ನಾನು ಆಗ ಫ್ಯಾಕ್ಟ್ರಿಗೆ ಹೋಗ್ತಿದ್ದೆ. ಹಗಲೊತ್ತು ಒಬ್ರೇ ಇರೋರು."

ಎರಡು ತಿಂಗಳು. ನಾನು ಯಲಹಂಕದಲ್ಲೇ ಇದ್ದೆ, ಮಂಡಿ ನೋವಿದ್ದರೂ ಓಡಾಡಿಕೊಂಡಿದ್ದೆ, ಮಾಡಲು ಕೆಲಸ ಇರಲಿಲ್ಲ. ಮಲಗಿದವರನ್ನು ಮಗ್ಗುಲು ಬದಲಾಯಿಸುವುದು, ಮೈ ಒರೆಸುವುದು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳುವುದು, ಕುರ್ಚಿ ಸಿಗುವವರೆಗೂ ನಾನು ಮಾಡಿದ್ದು ಅದೊಂದೇ.

ಇನ್ನು ಅವಳಿಗೆ ಮಾಡುವುದು ಏನೂ ಉಳಿದಿರಲಿಲ್ಲ. ಆದರೂ ಬಾಯಿಗೆ ಬಂತು. "ಮನೇಲಿ ಏನಾದ್ರೂ ಕೆಲ್ಸ ಇದ್ರೆ ಏಳಮ್ಮ. ಇವತ್ತೊಂದಿನ ಮಾಡಿ ಓಗ್ತೀನಿ. ಪಾತ್ರೆನೋ, ಬಟ್ಟೆನೋ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಳೆ ಸೀರೆ, ಸವೆದ ಚಪ್ಪಲಿ. ಅವಳ ಮುಖ ಮೆತ್ತಗಾಯಿತು. "ಕೆಲ್ಸ ಏನೂ ಇಲ್ಲ ಅಜ್ಜಿ. ಎಲ್ಲಕ್ಕೂ ಮಿಷಿನ್ನಿದೆ" ಅಂದು ಒಳಗೆ ಹೋದಳು. ಬಂದು ನನ್ನ ಕೈ ಹಿಡಿದು ನೂರು ರೂಪಾಯಿಯ ನೋಟು ಇಟ್ಟಳು. "ಬೇಜಾರ್ ಮಾಡ್ಕೋಬೇಡಿ. ಇಟ್ಕೊಳ್ಳಿ."

ಬೇಡ ಅನ್ನಬಹುದಿತ್ತು. ಅಂದರೆ ಯಾಕೆ ಬಂದೆ ಎಂದು ಹೇಳಬೇಕಾಗಿತ್ತು. ಫಾರಂ, ಬಸ್ಸಿನಲ್ಲಿ ಆಡಿದ ಮಾತು, ಮೇಡಂ ಕೇಳಿದ್ದು, ನಾನು ಅಂದದ್ದು, ಎಲ್ಲ ಹೇಳಬೇಕಾಗಿತ್ತು. ಹೇಳಲಿಲ್ಲ. ಒಳ್ಳೇದಾಗ್ಲಮ್ಮ ಅಂದು ನೋಟು ತಗೊಂಡು ಎದ್ದೆ.

ಅಕ್ಕ ಇಲ್ಲ. ಅವಳ ನಾದಿನಿ ಇಲ್ಲ. ನಡೆದದ್ದು ಗೊತ್ತಿರುವವಳು ನಾನೊಬ್ಬಳೇ.

ಬಸ್ಸಿನಲ್ಲಿ ಈಗ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ನೂರು ರೂಪಾಯಿ ಮುರಿಯದೆ ಹಾಗೇ ಮನೆಗೆ ಬಂತು.